ಡೀಸೆಲ್ ಜೀಪು: ಮನೆಯಂಗಳದ ದುರಸ್ತಿ

ಮಲೆನಾಡು, ಕೊಡಗಿನ ಕಡೆಯಿಂದ ದೆಹಲಿಗೆ ಬಂದವರಿಗೆ ಜೀಪು ಹೊಸದಲ್ಲ. ಮಹೀಂದ್ರ ಕಂಪೆನಿ 1947ರಲ್ಲಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ಮುಂದೆ ಡೀಸೆಲ್ ಎಂಜಿನ್ ಕೂಡಿಸಿದ ಮೇಲೆ ಕಾಫಿ ತೋಟದ ಕೆಸರುದಾರಿಗೆ ಇದಕ್ಕಿಂತ ಒಗ್ಗುವ ಗಾಡಿ ಇಲ್ಲವೆಂದಾಯಿತು. ಇಂಥ ಹಳೆಯ ಜೀಪೊಂದನ್ನು ಕೊಂಡು, ರಜಾದಿನಗಳಲ್ಲಿ ತಾವೇ ಸರಿಪಡಿಸಿ ಓಡಿಸಬೇಕೆಂಬ ಆಸೆ ಇಲ್ಲಿನ ನಮ್ಮವರಲ್ಲೂ ಕೆಲವರಿಗಿದೆ. ಸಂಬಳದಲ್ಲಿ ಉಳಿಸಿದ ಹಣವನ್ನು ಅದಕ್ಕೆ ಹಾಕುವ ಮುನ್ನ, ಕೈಯಿಂದ ಆಗುವುದು ಯಾವುದು, ಕೈಯಿಂದ ಆಗದ್ದು ಯಾವುದು ಎಂಬುದನ್ನು ತಿಳಿದಿರಬೇಕು.

ಪೆಟ್ರೋಲ್ ಎಂಜಿನ್ನಿಗೆ ಕಿಡಿ ಬೇಕು, ಡೀಸೆಲಿಗೆ ಬೇಡ. ಸಿಲಿಂಡರಿನ ಗಾಳಿಯನ್ನು ಸುಮಾರು ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಅದುಮಿದಾಗ ಅದು 500 ಡಿಗ್ರಿ ಸೆಂಟಿಗ್ರೇಡಿಗೂ ಮೀರಿ ಕಾಯುತ್ತದೆ. ಆಗ ಇಂಜೆಕ್ಟರ್ ಚಿಮ್ಮಿಸುವ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಹೀಗೆ ಚಿಮ್ಮಬೇಕಾದರೆ ಬಲವಾದ ಒತ್ತಡ ಬೇಕು. ಒತ್ತಿದರೆ ಡೀಸೆಲ್ ಕುಗ್ಗುವುದಿಲ್ಲವೆಂದೇ ಹೇಳಬಹುದು, ಗಾಳಿ ಕುಗ್ಗುತ್ತದೆ. ಕೊಳವೆಯಲ್ಲಿ ಚೂರು ಗಾಳಿ ಸೇರಿದರೂ ಪಂಪಿನ ಶ್ರಮವೆಲ್ಲ ಆ ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ಮುಗಿದು ಇಂಜೆಕ್ಟರ್ ಬಾಯಿ ಬಿಡುವುದಿಲ್ಲ. ಟ್ಯಾಂಕು ಬರಿದಾದ ಮೇಲೆ ಅಥವಾ ಫಿಲ್ಟರ್ ಬದಲಿಸಿದ ಮೇಲೆ ಗಾಡಿ ಸ್ಟಾರ್ಟ್ ಆಗದಿದ್ದರೆ, ಇಲ್ಲವೆ ಹೊರಟು ಐದು ನಿಮಿಷಕ್ಕೆ ನಿಂತರೆ, ಮೊದಲು ಸಂಶಯಿಸಬೇಕಾದುದು ಇದನ್ನೇ. ಏರ್ ಹಿಡಿದಿದೆ ಎಂದು ಮೆಕ್ಯಾನಿಕರು ಹೇಳುವುದು ಇದಕ್ಕೆ.

ಏರ್ ಬಿಡಿಸುವುದು ಕಷ್ಟವಲ್ಲ. ಡೀಸೆಲ್ ಫಿಲ್ಟರಿನ ಮೇಲಿರುವ ಏರ್ ಸ್ಕ್ರೂವನ್ನು ಸ್ವಲ್ಪ ಸಡಿಲಿಸಿ ಕೈಪಂಪನ್ನು ಒತ್ತುತ್ತ ಹೋಗಿ. ಮೊದಲು ನೊರೆ, ಆಮೇಲೆ ಗುಳ್ಳೆ, ಕೊನೆಗೆ ಶುದ್ಧ ಡೀಸೆಲ್ ಬರುತ್ತದೆ. ಆಗ ಸ್ಕ್ರೂ ಬಿಗಿಮಾಡಿ, ಇಂಜೆಕ್ಷನ್ ಪಂಪಿನ ಸ್ಕ್ರೂವಿನಲ್ಲೂ ಹಾಗೆಯೇ ಮಾಡಿ. ಕ್ರಮ ಟ್ಯಾಂಕಿನ ಕಡೆಯಿಂದ ಎಂಜಿನ್ನಿನ ಕಡೆಗೆ ಸಾಗಬೇಕು. ಆದರೂ ಮತ್ತೆ ಮತ್ತೆ ಗಾಳಿ ಸೇರುತ್ತಿದ್ದರೆ ಟ್ಯಾಂಕಿಗೂ ಪಂಪಿಗೂ ನಡುವಿನ ರಬ್ಬರ್ ಕೊಳವೆ, ತಾಮ್ರದ ವಾಷರುಗಳನ್ನು ಪರೀಕ್ಷಿಸಿ. ಅಲ್ಲಿ ಡೀಸೆಲ್ ಹೊರಕ್ಕೆ ಸೋರದೆ ಗಾಳಿಯೇ ಒಳಕ್ಕೆ ಹೀರಿಕೊಳ್ಳುವುದರಿಂದ ದೋಷ ಕಣ್ಣಿಗೆ ಬೀಳುವುದಿಲ್ಲ.

ಒಂದು ಎಚ್ಚರಿಕೆಯನ್ನು ಎಷ್ಟು ಸಲ ಹೇಳಿದರೂ ಸಾಲದು. ಇಂಜೆಕ್ಟರಿನಿಂದ ಚಿಮ್ಮುವ ಡೀಸೆಲಿಗೆ ಬೆರಳೊಡ್ಡಬೇಡಿ. ಅದು ಚರ್ಮವನ್ನು ತೂರಿ ಮಾಂಸದೊಳಕ್ಕೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು, ನೋವೂ ಮೊದಲು ಕಡಿಮೆ. ಒಳಗೆ ಬೆರಳು ಕೊಳೆಯತೊಡಗುತ್ತದೆ. ಅರಿಸಿನ ಹಚ್ಚಿ ಕೂರದೆ ಆ ಗಳಿಗೆಯಲ್ಲೇ ದೊಡ್ಡ ಆಸ್ಪತ್ರೆಗೆ ಹೋಗಿ, ಡೀಸೆಲ್ ಒಳಹೊಕ್ಕಿದೆ ಎಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಬೇಕು. ಬೆರಳಿನಿಂದಲೇ ಅನ್ನ ಸಂಪಾದಿಸುವ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ.

ಇನ್ನು ಮಾರ್ಪಾಟು. ಎಳೆತ ಹೆಚ್ಚಲೆಂದು ಪಂಪಿನ ಸೀಲು ಒಡೆದು ಡೀಸೆಲ್ ಹೆಚ್ಚಿಸುವವರಿದ್ದಾರೆ. ಡೀಸೆಲ್ ಹೆಚ್ಚಿದಷ್ಟು ಗಾಳಿ ಹೆಚ್ಚುವುದಿಲ್ಲವಲ್ಲ! ಉಳಿದದ್ದು ಕಪ್ಪು ಹೊಗೆಯಾಗಿ ಹೊರಬೀಳುತ್ತದೆ, ಎಂಜಿನ್ನೂ ಅತಿಯಾಗಿ ಕಾಯುತ್ತದೆ. ಸೀಲು ಮುಟ್ಟದೆಯೇ ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್ ಬಿಚ್ಚಿ ನೋಡಿ. ಮೇ, ಜೂನ್ ತಿಂಗಳ ಇಲ್ಲಿನ ಆಂಧಿಯ ಧೂಳು ಅದನ್ನು ಬೇಗ ಕಟ್ಟಿಸುತ್ತದೆ. ದೊಡ್ಡ ಟೈರಿನ ಲೆಕ್ಕವೂ ಇದೆ. 28 ಅಂಗುಲ ಎತ್ತರದ ಟೈರು ತೆಗೆದು 31 ಅಂಗುಲದ್ದು ಹಾಕಿದರೆ ಮೀಟರು 50 ತೋರಿಸುವಾಗ ಗಾಡಿ 55ರಲ್ಲಿ ಓಡುತ್ತಿರುತ್ತದೆ, ಬ್ರೇಕಿಗೂ ಶ್ರಮ ಹೆಚ್ಚು.

ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ಕೊಟ್ಟ ವಿವರಕ್ಕೂ ಆರ್.ಸಿ.ಗೂ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಅಕ್ರಮವಾದ ಒಂದೊಂದು ಮಾರ್ಪಾಟಿಗೂ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ಆಗಬಹುದು. ಮಾಯಾಪುರಿಯ ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಬೇರೆ ಎಂಜಿನ್ ತಂದು ಕೂರಿಸಬೇಡಿ. ಅದರ ನಂಬರು ಆರ್.ಸಿ.ಯಲ್ಲಿ ಇರುವುದಿಲ್ಲ.

ಎಲ್ಲಕ್ಕಿಂತ ಬಿಗಿಯಾದದ್ದು ವಯಸ್ಸಿನ ನಿಯಮ. ಹತ್ತು ವರ್ಷ ಮೀರಿದ ಡೀಸೆಲ್ ಗಾಡಿ ದೆಹಲಿಯಲ್ಲಿ ಓಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಲಿ 2015ರಲ್ಲಿ ಆದೇಶಿಸಿತು; 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ರಾಜಧಾನಿ ವಲಯದಲ್ಲೆಲ್ಲ ಅದನ್ನು ಜಾರಿಮಾಡಲು ಹೇಳಿತು. 2025ರ ಆಗಸ್ಟಿನಲ್ಲಿ ಮಾಲಿಕರಿಗೆ ಕೊಂಚ ರಕ್ಷಣೆ ದೊರೆತರೂ ಡಿಸೆಂಬರಿನಲ್ಲಿ ಅದು ಬಿ.ಎಸ್. 4 ಮತ್ತು ಅದಕ್ಕೂ ಹೊಸ ಗಾಡಿಗಳಿಗಷ್ಟೇ ಸೀಮಿತವಾಯಿತು. ಆ ಮಟ್ಟ ದೆಹಲಿಗೆ ಬಂದದ್ದೇ 2010ರಲ್ಲಿ. ನಮ್ಮವರು ಆಸೆಪಡುವ ಹಳೆಯ ಜೀಪುಗಳು ಅದಕ್ಕೂ ಹಿಂದಿನವು. ಎಂಜಿನ್ ಎಷ್ಟೇ ಚೆನ್ನಾಗಿ ಓಡಲಿ, ಆರ್.ಸಿ.ಯ ತಾರೀಖು ಬದಲಾಗದು. ಆದ್ದರಿಂದ ಮುಂಗಡ ಕೊಡುವ ಮೊದಲೇ ಆ ತಾರೀಖನ್ನೂ ಬಿ.ಎಸ್. ಮಟ್ಟವನ್ನೂ ನೋಡಿ. ಊರಿನ ತೋಟಕ್ಕೆಂದು ಕೊಳ್ಳುವವರು ಸಾರಿಗೆ ಇಲಾಖೆಯ ಎನ್.ಓ.ಸಿ. ಕೈಗೆ ಬಂದ ಮೇಲೆ ಬಾಕಿ ಹಣ ಕೊಡುವಂತೆ ಮೊದಲೇ ಮಾತಾಡಿಕೊಳ್ಳಿ.