ಗೂಗಲ್‌ನಲ್ಲಿ ಮೇಲೆ ಬರಬೇಕೆನ್ನುವ ಮಕ್ಕಳಿಗೆ

ಅಪ್ಪನ ಗಲ್ಲಾದ ಮೇಲೆ ಈಗಷ್ಟೇ ಕೂತಿರುವ ಮಕ್ಕಳೇ, ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆಗಳಲ್ಲಿ ಟೀ ಕುಡಿಯುತ್ತಾ ನೀವು ಆಡುವ ಮಾತು ನನ್ನ ಕಿವಿಗೂ ಬೀಳುತ್ತದೆ. ‘ನಮ್ಮಂಗಡಿ ಗೂಗಲ್‌ನಲ್ಲಿ ಮೇಲೆ ಬರ್ತಿಲ್ಲ, ಯಾರಿಗಾದ್ರೂ ದುಡ್ಡು ಕೊಟ್ಟು ತರಿಸಬೇಕು’ ಅನ್ನುತ್ತೀರಿ. ಮೇಲೆ ಬರುವ ಆಸೆ ತಪ್ಪಲ್ಲ. ನಾಲ್ಕು ಕಾಸು ಸಂಪಾದಿಸಲೆಂದೇ ಅಲ್ಲವೇ ಬೆಳಗ್ಗೆ ಶಟರ್ ಎತ್ತುವುದು? ಆದರೆ ಅದಕ್ಕೆ ನಿಮ್ಮಲ್ಲಿ ಕೆಲವರು ಹಿಡಿದಿರುವ ಅಡ್ಡದಾರಿ ನೋಡಿ ದಿಗಿಲಾಗುತ್ತದೆ. ಹಿರಿಯನೆಂಬ ಸಲುಗೆಯಿಂದ ನಾಲ್ಕು ಮಾತು ಹೇಳುತ್ತೇನೆ.

ಮುಂದೆ ನುಗ್ಗುವ ಆತುರ ನಿಮ್ಮ ಕಾಲಕ್ಕೇ ಹುಟ್ಟಿದ್ದಲ್ಲ. ದಪ್ಪನೆಯ ಟೆಲಿಫೋನ್ ಡೈರೆಕ್ಟರಿ ಇದ್ದ ದಿನಗಳಲ್ಲಿ ಹೆಸರುಗಳೆಲ್ಲ ಅಕ್ಷರದ ಸಾಲಿನಲ್ಲಿ ಬರುತ್ತಿದ್ದವು. ಮೊದಲ ಪುಟದಲ್ಲೇ ಕಾಣಲೆಂದು ಅಂಗಡಿಗೆ ‘ಎ-ಒನ್’ ಅಂತ ಹೆಸರಿಟ್ಟವರೂ ಇದ್ದರು. ಮೊದಲ ಫೋನು ಅವರಿಗೇ ಹೋಗುತ್ತಿತ್ತು, ನಿಜ. ಎರಡನೇ ಸಲ ಮಾತ್ರ ಗಿರಾಕಿ ಫೋನು ಮಾಡುತ್ತಿದ್ದದ್ದು ಕೆಲಸ ನೆಟ್ಟಗೆ ಮಾಡಿಕೊಟ್ಟವನಿಗೆ.

ಈಗ ಅದೇ ಜಾಣತನ ಬೇರೆ ವೇಷ ಹಾಕಿಕೊಂಡು ಬಂದಿದೆ. ಅಂಗಡಿಯ ಬೋರ್ಡಿನ ಮೇಲೆ ಇರುವುದು ಅಜ್ಜನ ಹೆಸರು. ಗೂಗಲ್ ಮ್ಯಾಪ್‌ನಲ್ಲಿ ಆ ಹೆಸರಿಗೆ ‘ಬೆಸ್ಟ್ ಮೋಟಾರ್ ರಿಪೇರಿ, ಪಂಪ್‌ಸೆಟ್, ರಿವೈಂಡಿಂಗ್, ಲೋ ರೇಟ್, ದಾವಣಗೆರೆ’ ಎಂಬ ಮಾರುದ್ದದ ಬಾಲ. ಬೋರ್ಡಿನಲ್ಲಿರುವ ಹೆಸರನ್ನೇ ಹಾಕಬೇಕೆಂಬುದು ಗೂಗಲ್‌ನ ನಿಯಮ. ಎದುರಂಗಡಿಯವನು ಒಂದು ದೂರು ಕೊಟ್ಟರೆ ಗೂಗಲ್‌ನಲ್ಲಿರುವ ನಿಮ್ಮ ಅಂಗಡಿಯ ಪ್ರೊಫೈಲೇ ಅಮಾನತಾಗಬಹುದು. ಬಾಲ ಕತ್ತರಿಸಿಬಿಡಿ. ನೀವು ಮಾಡುವ ಕೆಲಸ ಹೇಳಲು ಕೆಟಗರಿ ಎಂಬ ಬೇರೆ ಜಾಗವೇ ಇದೆ. ಮುಖ್ಯವಾದದ್ದು ಒಂದು, ಜೊತೆಗೆ 9ರವರೆಗೆ ಸೇರಿಸಬಹುದು. ಹೆಚ್ಚು ದುಡಿಮೆ ಯಾವುದರಿಂದ ಬರುತ್ತದೋ ಅದನ್ನು ಮುಖ್ಯವಾಗಿಡಿ. ಮಾಡದ ಕೆಲಸ ಬರೆಯಬೇಡಿ.

ಅಂಗಡಿಗಳನ್ನು ಯಾವ ಲೆಕ್ಕದಲ್ಲಿ ಮೇಲೆ ಕೆಳಗೆ ಮಾಡುತ್ತೇವೆಂದು ಗೂಗಲ್ ತಾನೇ ಹೇಳಿಕೊಂಡಿದೆ. ಗಿರಾಕಿ ಕೇಳಿದ್ದಕ್ಕೂ ನಿಮ್ಮ ಕಸುಬಿಗೂ ಎಷ್ಟು ಹೊಂದಿಕೆ, ಅವನು ಇರುವಲ್ಲಿಂದ ನೀವು ಎಷ್ಟು ದೂರ, ನಿಮಗೆ ಎಷ್ಟು ಹೆಸರಿದೆ - ಮುಖ್ಯವಾಗಿ ಇವು ಮೂರು. ಈ ಸ್ಥಾನವನ್ನು ದುಡ್ಡು ಕೊಟ್ಟು ಪಡೆಯಲಾಗದು ಎಂದೂ ಅದು ಸ್ಪಷ್ಟವಾಗಿ ಹೇಳಿದೆ. ಜಾಹೀರಾತಿನ ಮಾತು ಬೇರೆ, ಅದರ ಮೇಲೆ ‘ಪ್ರಾಯೋಜಿತ’ (ಸ್ಪಾನ್ಸರ್ಡ್) ಎಂದು ಬರೆದಿರುತ್ತದೆ. ವಿದ್ಯಾನಗರದಲ್ಲಿ ಕೂತು ಹುಡುಕಿದವನಿಗೆ ಒಂದು ಪಟ್ಟಿ ಬಂದರೆ, ಹರಿಹರದಲ್ಲಿ ಹುಡುಕಿದವನಿಗೆ ಇನ್ನೊಂದು ಬರುತ್ತದೆ. ‘ನಂಬರ್ ಒನ್ ಗ್ಯಾರಂಟಿ’ ಎಂದು ಯಾರಾದರೂ ಬಂದರೆ, ಯಾರ ಮೊಬೈಲಿನಲ್ಲಿ ಎಂದು ಕೇಳಿ.

ಹೋದ ಬೇಸಿಗೆಯಲ್ಲಿ ನನ್ನ ಕಣ್ಣೆದುರೇ ನಡೆದದ್ದನ್ನು ಹೇಳುತ್ತೇನೆ. ಚನ್ನಗಿರಿ ಕಡೆಯ ಅಡಿಕೆ ತೋಟದವರೊಬ್ಬರು ಸುಟ್ಟುಹೋದ ಮೋಟಾರನ್ನು ಟಾಟಾ ಏಸ್‌ಗೆ ಹಾಕಿಕೊಂಡು ನಮ್ಮ ಓಣಿಗೆ ಬಂದರು. ತೋಟಕ್ಕೆ ನೀರು ನಿಂತಿದೆ, ಮುಖದಲ್ಲಿ ಗಾಬರಿ. ಮ್ಯಾಪ್ ತೋರಿಸಿದ ಜಾಗದಲ್ಲಿ ಇದ್ದದ್ದು ಚಪ್ಪಲಿ ಅಂಗಡಿ. ರಿಪೇರಿಯವರು ರಿಂಗ್ ರೋಡಿಗೆ ಹೋಗಿ ವರ್ಷವಾಗಿತ್ತು. ಪಿನ್ ಮಾತ್ರ ಹಳೇ ಓಣಿಯಲ್ಲೇ ಉಳಿದಿತ್ತು. ಹಾಕಿದ್ದ ನಂಬರು ಎಂದೋ ಕಡಿದುಹೋದ ಲ್ಯಾಂಡ್‌ಲೈನ್. ಆ ರೈತರು ಮೂಲೆಯ ಇನ್ನೊಂದು ಅಂಗಡಿಯಲ್ಲಿ ಮೋಟಾರು ಇಳಿಸಿದರು. ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲಿದ್ದದ್ದು ಓಣಿ ಬಿಟ್ಟುಹೋದ ಆ ಅಂಗಡಿಯೇ! ಅದಕ್ಕಾಗಿ ಅವರ ಹುಡುಗ ತಿಂಗಳು ತಿಂಗಳೂ ಯಾರಿಗೋ ದುಡ್ಡು ಕಟ್ಟುತ್ತಿದ್ದ.

ಆದ್ದರಿಂದ ಮೊದಲು ಪಿನ್ ಸರಿಮಾಡಿ, ನಂಬರು ಸರಿಮಾಡಿ. ವಾರದ ರಜೆ ಯಾವತ್ತು, ಊಟಕ್ಕೆ ಎಷ್ಟು ಹೊತ್ತು ಬಾಗಿಲು ಹಾಕುತ್ತೀರಿ, ದುಗ್ಗಮ್ಮನ ಜಾತ್ರೆಗೆ ಅಂಗಡಿ ಉಂಟೋ ಇಲ್ಲವೋ, ಎಲ್ಲವನ್ನೂ ತುಂಬಿ. ಜಸ್ಟ್‌ಡಯಲ್, ಫೇಸ್‌ಬುಕ್, ಬಿಲ್ ಬುಕ್ಕು, ವಿಸಿಟಿಂಗ್ ಕಾರ್ಡು, ಎಲ್ಲ ಕಡೆಯೂ ಒಂದೇ ಹೆಸರು, ಒಂದೇ ವಿಳಾಸ ಇರಲಿ. ಕನ್ನಡದಲ್ಲೂ ಬರೆಯಿರಿ. ತೋಟದಲ್ಲಿ ನಿಂತವರು ಇಂಗ್ಲಿಷ್ ಟೈಪ್ ಮಾಡುತ್ತಾ ಕೂರುವುದಿಲ್ಲ. ಮೈಕ್ ಒತ್ತಿ ‘ಮೋಟಾರ್ ರಿಪೇರಿ ಎಲ್ಲೈತಿ’ ಅನ್ನುತ್ತಾರೆ. ಎಷ್ಟು ಎಚ್‌ಪಿವರೆಗೆ ರಿವೈಂಡಿಂಗ್ ಮಾಡುತ್ತೀರಿ, ಎಷ್ಟು ದಿನ ಹಿಡಿಯುತ್ತದೆ, ತೋಟಕ್ಕೇ ಬರುತ್ತೀರಾ ಎಂದು ವಿವರಣೆಯಲ್ಲಿ ತಿಳಿಸಿ. ಅದಕ್ಕೆ ಕೊಟ್ಟಿರುವ 750 ಅಕ್ಷರ ಧಾರಾಳವಾಗಿ ಸಾಕು. ಫೋಟೊ ನಿಮ್ಮ ಅಂಗಡಿಯದೇ ಇರಲಿ, ಎಲ್ಲಿಂದಲೋ ಇಳಿಸಿಕೊಂಡದ್ದು ಬೇಡ.

ನಮ್ಮ ಕಾಲದಲ್ಲಿ ಅಂಗಡಿಗೆ ಹೆಸರು ತರುತ್ತಿದ್ದವರು ಹಮಾಲರು, ಲಾರಿ ಡ್ರೈವರುಗಳು, ಲಾಡ್ಜಿನ ಮ್ಯಾನೇಜರು. ಸಂತೆಯಲ್ಲಿ ಒಬ್ಬರು ಮೆಚ್ಚಿ ಆಡಿದ ಮಾತು ಹತ್ತು ಹಳ್ಳಿ ಸುತ್ತುತ್ತಿತ್ತು. ಕಮಿಷನ್ ತಿಂದು ಗಿರಾಕಿ ಕರೆತರುವವರೂ ಇದ್ದರು. ಅವರು ಯಾರೆಂದು ಊರಿಗೆ ಬೇಗನೆ ಗೊತ್ತಾಗಿಬಿಡುತ್ತಿತ್ತು.

ಇಂದು ಆ ಮಾತಿನ ಜಾಗಕ್ಕೆ ರಿವ್ಯೂ ಬಂದಿದೆ. ನೀವೋ ಅದನ್ನು ಸಗಟಿನಲ್ಲಿ ಕೊಳ್ಳಲು ಹೊರಟಿದ್ದೀರಿ! ಒಂದೇ ರಾತ್ರಿಯಲ್ಲಿ, ಈ ಊರಿನ ನೀರು ಕುಡಿಯದ ಐವತ್ತು ಮಂದಿ ‘ನೈಸ್ ಸರ್ವಿಸ್’ ಎಂದು ಬರೆದರೆ ಯಾರು ನಂಬುತ್ತಾರೆ? ಗೂಗಲ್ ಅಂಥವನ್ನು ಅಳಿಸುತ್ತದೆ. ಕೆಲವು ಕಾಲ ಹೊಸ ರಿವ್ಯೂ ಬಾರದಂತೆ ತಡೆಯಲೂಬಹುದು, ಸುಳ್ಳು ರಿವ್ಯೂ ಸಿಕ್ಕಿದ್ದವೆಂದು ನಿಮ್ಮ ಪ್ರೊಫೈಲ್ ಮೇಲೆಯೇ ಎಚ್ಚರಿಕೆ ಹಾಕಲೂಬಹುದು. ನಮ್ಮ ಸರ್ಕಾರ 2022ರಲ್ಲೇ ಆನ್‌ಲೈನ್ ರಿವ್ಯೂಗಳಿಗೆಂದು ಐಎಸ್ 19000 ಎಂಬ ಮಾನದಂಡ ತಂದಿದೆ. ಅಮೆರಿಕದಲ್ಲಿ 2024ರಿಂದ ಸುಳ್ಳು ರಿವ್ಯೂ ಕೊಂಡರೂ ಮಾರಿದರೂ ದಂಡ ಬೀಳಬಹುದು. ರಿಯಾಯಿತಿ ಕೊಡುತ್ತೇವೆ, ಐದು ಸ್ಟಾರ್ ಒತ್ತಿ ಅನ್ನುವುದೂ ಬೇಡ. ಮೋಟಾರು ಓಡಿ, ನೀರು ಬಂದ ಮೇಲೆ ‘ಹೆಂಗಾತು ಅಂತ ನಾಲ್ಕು ಸಾಲು ಬರೀರಿ ಅಣ್ಣಾ’ ಎಂದು ಬಾಯಿಬಿಟ್ಟು ಕೇಳಿ. ಕೆಲಸ ಮೆಚ್ಚಿದವರು ಖಂಡಿತ ಬರೆಯುತ್ತಾರೆ.

ಯಾರಾದರೂ ಬೈದು ಬರೆದರೆ ಕೂಡಲೇ ಮೊಬೈಲ್ ಎತ್ತಿಕೊಳ್ಳಬೇಡಿ. ಗಲ್ಲಾದ ಮುಂದೆ ಗಿರಾಕಿ ಕೂಗಾಡಿದಾಗ ನಮ್ಮಪ್ಪ ಮೊದಲು ಸ್ಟೂಲು ಕೊಟ್ಟು ಕೂರಿಸುತ್ತಿದ್ದರು. ನೀವೂ ಸಮಾಧಾನವಾಗಿ ಎರಡು ಸಾಲು ಬರೆಯಿರಿ: ಏನಾಯಿತು, ಏನು ಸರಿಮಾಡುತ್ತೀರಿ. ಆ ಉತ್ತರವನ್ನು ಬೈದವರೊಬ್ಬರೇ ಅಲ್ಲ, ಮುಂದೆ ಬರಲಿರುವ ಗಿರಾಕಿಗಳೆಲ್ಲ ಓದುತ್ತಾರೆ.

ಇನ್ನೊಂದು ಚಿಂತೆ ನನ್ನನ್ನು ಬಹಳ ಕಾಡುತ್ತದೆ. ನಿಮ್ಮಲ್ಲಿ ಎಷ್ಟೋ ಮಂದಿಯ ಪ್ರೊಫೈಲು ನಿಮ್ಮ ಕೈಯಲ್ಲೇ ಇಲ್ಲ. ಯಾರೋ ಏಜೆನ್ಸಿಯವರು ತಮ್ಮ ಇಮೇಲ್‌ನಿಂದ ಮಾಡಿಕೊಟ್ಟು ಹೋಗಿದ್ದಾರೆ. ನಾಳೆ ಅವರ ಜೊತೆ ಮನಸ್ತಾಪ ಬಂದರೆ ಏನು ಗತಿ? ಗಲ್ಲಾದ ಬೀಗದ ಕೈಯನ್ನು ನಾವು ನಂಬಿಕಸ್ಥ ಗುಮಾಸ್ತನಿಗೂ ಬಿಟ್ಟುಕೊಡುತ್ತಿರಲಿಲ್ಲ. ಮಾಲೀಕತ್ವ ನಿಮ್ಮದೇ ಇಮೇಲ್‌ನಲ್ಲಿರಲಿ, ಕೆಲಸದವರಿಗೆ ಮ್ಯಾನೇಜರ್ ಎಂಬ ಅಧಿಕಾರವಷ್ಟೇ ಕೊಡಿ. ‘ಗೂಗಲ್‌ನಿಂದ ಮಾತಾಡ್ತಿದ್ದೀವಿ, ಹಣ ಕಟ್ಟದಿದ್ದರೆ ನಿಮ್ಮ ಅಂಗಡಿ ಅಳಿಸಿಹೋಗುತ್ತೆ’ ಎಂಬ ಫೋನು ಬಂದರೆ ಇಟ್ಟುಬಿಡಿ. ಈ ಪ್ರೊಫೈಲು ಪುಕ್ಕಟೆ.

ಅಂಗಡಿಗಳನ್ನು ಗೂಗಲ್‌ನಲ್ಲಿ ಮೇಲೆ ತರುವುದನ್ನೇ ಕಸುಬು ಮಾಡಿಕೊಂಡು ಅಂಗಡಿ ಅಂಗಡಿ ತಿರುಗುವ ಹುಡುಗರಿಗೂ ಒಂದು ಮಾತು. ಅಮೆರಿಕದ ಜೆ.ಸಿ. ಪೆನ್ನಿಯಂಥ ದೊಡ್ಡ ಕಂಪನಿಯ ಹೆಸರು, ಸಂಬಂಧವೇ ಇಲ್ಲದ ಸಾವಿರಾರು ಪುಟಗಳಲ್ಲಿ ಹಾಕಿಸಿದ್ದ ಲಿಂಕುಗಳ ಬಲದಿಂದ ಗೂಗಲ್‌ನಲ್ಲಿ ಮೇಲೇರಿತ್ತು. 2011ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅದನ್ನು ಬಯಲಿಗೆಳೆದಾಗ ಗೂಗಲ್ ಆ ಕಂಪನಿಯನ್ನು ಕೆಳಕ್ಕೆ ನೂಕಿತು. ಅಷ್ಟು ದೊಡ್ಡವರು ಹೇಗೋ ಚೇತರಿಸಿಕೊಂಡಾರು. ನಿಮ್ಮನ್ನು ನಂಬಿದ ಸಣ್ಣ ಅಂಗಡಿಯವರು ಒಂದು ಸೀಸನ್ ಕಳೆದುಕೊಂಡರೆ ಮೇಲೇಳುವುದು ಕಷ್ಟ. ಗ್ಯಾರಂಟಿ ಮಾತು ಬಿಡಿ. ತಿಂಗಳ ಕೊನೆಗೆ ಎಷ್ಟು ಮಂದಿ ಫೋನು ಮಾಡಿದರು, ಎಷ್ಟು ಮಂದಿ ದಾರಿ ಕೇಳಿದರು ಎಂದು ಲೆಕ್ಕ ತೋರಿಸಿ ಕೂಲಿ ಕೇಳಿ.

ಮಕ್ಕಳೇ, ಇದ್ಯಾವುದೂ ಕೈಮೀರಿದ ಕೆಲಸವಲ್ಲ. ಫಲ ಕಾಣಲು ತಿಂಗಳುಗಳು ಹಿಡಿಯಬಹುದು, ಅವಸರ ಬೇಡ. ಇವತ್ತು ಶಟರ್ ಎಳೆಯುವ ಮೊದಲು ಬೇರೆಯವರ ಮೊಬೈಲಿನಲ್ಲಿ ನಿಮ್ಮ ಅಂಗಡಿ ಹುಡುಕಿ. ಅಲ್ಲಿರುವ ನಂಬರಿಗೆ ಫೋನು ಮಾಡಿ, ಪಿನ್ ತೋರಿಸುವ ದಾರಿ ಹಿಡಿದು ನಡೆದು ನೋಡಿ. ತಪ್ಪು ಕಂಡದ್ದನ್ನು ನಾಳೆಗೆ ಉಳಿಸದೆ ತಿದ್ದಿಬಿಡಿ.