ಹಳೆಯ ಕ್ಯಾಬಿನೆಟ್‌ಗೆ ಹೊಸ ಮದರ್‌ಬೋರ್ಡ್: ಉದ್ಯಮಿಗಳು ಗಮನಿಸಬೇಕಾದ ಅಂಶಗಳು

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವೂ ಹೊಸ ಪೀಳಿಗೆಯ ಪ್ರೊಸೆಸರ್ ಕೂಡ ಅವಶ್ಯಕ. ಆದ್ದರಿಂದ ಲೆಕ್ಕಪತ್ರ ಹಾಗೂ ಜಿಎಸ್‌ಟಿ ಬಿಲ್ಲುಗಳಿಗೆ ಹಳೆಯ ಗಣಕಯಂತ್ರವನ್ನೇ ನೆಚ್ಚಿಕೊಂಡಿರುವ ನಂಜನಗೂಡು, ತಿ. ನರಸೀಪುರಗಳ ವರ್ತಕರು, ಅಕ್ಕಿ ಗಿರಣಿಗಳು ಹಾಗೂ ಸಣ್ಣ ಘಟಕಗಳ ಮುಂದೆ ಒಂದು ಪ್ರಶ್ನೆಯಿದೆ: ಇಡೀ ಯಂತ್ರವನ್ನು ಬದಲಿಸಬೇಕೆ, ಒಳಭಾಗವನ್ನು ಮಾತ್ರ ಬದಲಿಸಿದರೆ ಸಾಕೆ? ಉಕ್ಕಿನ ಕ್ಯಾಬಿನೆಟ್ ಬೇಗ ಸವೆಯುವ ವಸ್ತುವಲ್ಲ. ಆದರೆ ಅದರೊಳಗಿರುವುದೆಲ್ಲವೂ ಮರುಬಳಕೆಗೆ ಯೋಗ್ಯವಲ್ಲ.

1. ಅಳತೆ: ಇಂಟೆಲ್ 1995ರಲ್ಲಿ ರೂಪಿಸಿದ ಎಟಿಎಕ್ಸ್ ಮಾನಕದ ಬೋರ್ಡ್ 305×244 ಮಿ.ಮೀ. ಇರುತ್ತದೆ. ಮೈಕ್ರೋ ಎಟಿಎಕ್ಸ್ ಗರಿಷ್ಠ 244×244, ಮಿನಿ ಐಟಿಎಕ್ಸ್ 170×170 ಮಿ.ಮೀ. ಎಟಿಎಕ್ಸ್ ಕ್ಯಾಬಿನೆಟ್‌ನಲ್ಲಿ ಸಾಮಾನ್ಯವಾಗಿ ಈ ಮೂರೂ ಕೂರುತ್ತವೆ. ಚಿಕ್ಕ ಕ್ಯಾಬಿನೆಟ್‌ನಲ್ಲಿ ದೊಡ್ಡ ಬೋರ್ಡ್ ಕೂರದು. ಕಂಪನಿಗಳು ಸಿದ್ಧರೂಪದಲ್ಲಿ ಮಾರುವ ಹಲವು ಯಂತ್ರಗಳಲ್ಲಿ ಅಳತೆ ಹಾಗೂ ತಂತಿಜೋಡಣೆ ಬೇರೆಯೇ ಆಗಿರುವುದರಿಂದ, ಪರಿಶೀಲಿಸದೆ ಬೋರ್ಡ್ ಖರೀದಿಸಬಾರದು.

2. ಹಿತ್ತಾಳೆಯ ಕಾಲುಗಳು: ಬೋರ್ಡನ್ನು ಹೊರುವ ಕಾಲುಗಳು ಹೊಸ ಬೋರ್ಡಿನ ರಂಧ್ರಗಳ ಕೆಳಗೆ ಮಾತ್ರ ಇರಬೇಕು. ರಂಧ್ರವಿಲ್ಲದ ಕಡೆ ಒಂದು ಕಾಲು ಉಳಿದರೂ ಶಾರ್ಟ್ ಸರ್ಕ್ಯೂಟ್ ಆಗಿ ಬೋರ್ಡ್ ಸುಡಬಹುದು. ಹಿಂಬದಿಯ ಹಳೆಯ ತಗಡನ್ನು ತೆಗೆದು, ಹೊಸ ಬೋರ್ಡಿನ ತಗಡನ್ನು ಅಳವಡಿಸಬೇಕು.

3. ಎಸ್‌ಎಂಪಿಎಸ್: ಹಳೆಯದನ್ನು ಉಳಿಸಿಕೊಳ್ಳುವ ಆಸೆ ಬೇಡ. ಕಾಲಕ್ರಮದಲ್ಲಿ ಅದರ ಕೆಪಾಸಿಟರ್‌ಗಳು ದುರ್ಬಲವಾಗುತ್ತವೆ. ಗಿರಣಿಯ ತೌಡಿನ ಧೂಳು ಸೇರಿದರೆ ಶಾಖವೂ ಹೆಚ್ಚುತ್ತದೆ. ಅದು ಕೆಟ್ಟರೆ ಹೊಸ ಬೋರ್ಡನ್ನೂ ಕೆಡಿಸಬಹುದು. ಹೊಸ ಬೋರ್ಡ್‌ಗಳಿಗೆ 24 ಪಿನ್ನಿನ ಮುಖ್ಯ ಜೋಡಣೆಯ ಜೊತೆಗೆ ಪ್ರೊಸೆಸರ್‌ಗಾಗಿ 4 ಅಥವಾ 8 ಪಿನ್ನಿನ ಪ್ರತ್ಯೇಕ ಜೋಡಣೆ ಬೇಕು. ಮೂರು ಪಿನ್ನಿನ ಪ್ಲಗ್ಗಿಗೆ ಸರಿಯಾದ ಅರ್ಥಿಂಗ್ ಇಲ್ಲದಿದ್ದರೆ ಲೋಹದ ಕ್ಯಾಬಿನೆಟ್ ಮುಟ್ಟಿದಾಗ ವಿದ್ಯುತ್ ತಗುಲುವ ಅಪಾಯವಿದೆ.

4. ಲೆಕ್ಕಪತ್ರದ ರಕ್ಷಣೆ: ಕೆಲಸಕ್ಕೆ ಕೈಹಾಕುವ ಮೊದಲೇ ದತ್ತಾಂಶದ ಪ್ರತಿಯನ್ನು ಎರಡು ಕಡೆ ಇರಿಸಿ, ಅದು ತೆರೆಯುವುದೇ ಎಂದು ಪರೀಕ್ಷಿಸಬೇಕು. ಯಂತ್ರದೊಂದಿಗೆ ಬಂದ ವಿಂಡೋಸ್ ಪರವಾನಗಿ ಸಾಮಾನ್ಯವಾಗಿ ಹಳೆಯ ಬೋರ್ಡಿಗೇ ಸೀಮಿತವಾದುದರಿಂದ ಹೊಸದನ್ನು ಕೊಳ್ಳಬೇಕಾದೀತು.

5. ವೆಚ್ಚದ ತುಲನೆ: ಡಿಡಿಆರ್3 ರ‍್ಯಾಮ್ ಡಿಡಿಆರ್4, ಡಿಡಿಆರ್5 ಬೋರ್ಡ್‌ಗಳಿಗೆ ಹೊಂದುವುದಿಲ್ಲ. ಬೋರ್ಡ್, ಪ್ರೊಸೆಸರ್, ರ‍್ಯಾಮ್, ಎಸ್‌ಎಂಪಿಎಸ್, ಪರವಾನಗಿ, ಕೂಲಿ ಇಷ್ಟನ್ನೂ ಕೂಡಿಸಿ, ಹೊಸ ಯಂತ್ರದ ದರಪಟ್ಟಿಯೊಡನೆ ಹೋಲಿಸಬೇಕು. ಕ್ಯಾಬಿನೆಟ್ ಒಂದರಿಂದ ಆಗುವ ಉಳಿತಾಯ ಅಲ್ಪ. ಮಾನಿಟರ್, ಕೀಬೋರ್ಡ್, ಸುಸ್ಥಿತಿಯ ಡಿಸ್ಕ್‌ಗಳೂ ಉಳಿದರೆ ಮಾತ್ರ ಲಾಭ ಗಣನೀಯ.

ತೆಗೆದ ಬಿಡಿಭಾಗಗಳನ್ನು ಗುಜರಿಗೆ ಹಾಕದೆ ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸುವುದು ಯುಕ್ತ. ತುಲನೆಯಲ್ಲಿ ಅಂತರ ಕಡಿಮೆಯೆಂದು ಕಂಡುಬಂದರೆ, ಖಾತರಿಯುಳ್ಳ ಹೊಸ ಯಂತ್ರವನ್ನೇ ಕೊಳ್ಳುವುದು ಲೇಸು.