ಚೆಲುವು ಬಾಟಲಿಯಲ್ಲಿ ಇದೆಯೇ?

"ನರಕ್ಕೆ ಬಾಟಲಿ ಮದ್ದು ಹಾಕಿಸಿದರೆ ಮುಖ ಬೆಳ್ಳಗಾಗ್ತದಂತೆ, ಪ್ರಾಯ ಕಡಿಮೆ ಕಾಣ್ತದಂತೆ." ಈ ಮಾತು ನೀವೂ ಕೇಳಿರಬಹುದು.

ಬಾಟಲಿಯಲ್ಲಿ ಏನಿದೆ? ವಿಟಮಿನ್ ಸಿ, ಗ್ಲುಟಾಥಯೋನ್ ಮುಂತಾದವು. ಗ್ಲುಟಾಥಯೋನನ್ನು ನಮ್ಮ ದೇಹವೇ ತಯಾರಿಸ್ತದೆ. ಹೆಚ್ಚಾದ ವಿಟಮಿನ್ ಸಿ ಮೂತ್ರದಲ್ಲಿ ಹೋಗ್ತದೆ. ಕೊಟ್ಟ ಹಣವೂ ಹೋಯಿತು!

ಸೂಜಿ ಶುದ್ಧವಿಲ್ಲದಿದ್ದರೆ ರಕ್ತಕ್ಕೆ ನಂಜು ಏರಬಹುದು. ಮದ್ದು ಒಗ್ಗದಿದ್ದರೆ ಜೀವಕ್ಕೇ ಅಪಾಯ.

ಬೆಳ್ಳಗಾಗುವ ಆಸೆಯಿಂದ ಕ್ರೀಮ್ ಹಚ್ಚಿದ ಕೆಲವರಿಗೆ ನಮ್ಮ ಕೇರಳದ ಮಲಪ್ಪುರಂನಲ್ಲಿ ಕಿಡ್ನಿ ರೋಗ ಬಂತು. 2023ರಲ್ಲಿ ಇದು ಸುದ್ದಿಯಾಯಿತು. ಕ್ರೀಮಿನಲ್ಲಿ ಪಾದರಸ ಇತ್ತು.

ಕಪ್ಪು ಬಣ್ಣ ರೋಗವಲ್ಲ. ಅದಕ್ಕೆ ಮದ್ದು ಬೇಡ. ನೆಲ್ಲಿಕಾಯಿ, ಪೇರಳೆ, ನುಗ್ಗೆಸೊಪ್ಪು ತಿನ್ನಿ. ಬಿಸಿಲಿಗೆ ಕೊಡೆ ಹಿಡಿಯಿರಿ. ಚರ್ಮಕ್ಕೆ ತೊಂದರೆ ಬಂದರೆ ಆರೋಗ್ಯ ಕೇಂದ್ರದ ಡಾಕ್ಟರಿಗೆ ತೋರಿಸಿ.

ಬರೆಯಿರಿ: ನಿಮ್ಮ ಹಿತ್ತಲಲ್ಲಿ ಯಾವ ಹಣ್ಣು, ಯಾವ ಸೊಪ್ಪು ಇದೆ?